ಯಂತ್ರದಿಂದ 47% ಕೆಲಸ ಹೋಗುತ್ತೆ ಅಂತಾರೆ, 9% ಅಂತಲೂ ಅಂತಾರೆ. ಯಾವ ಅರ್ಥಶಾಸ್ತ್ರಜ್ಞರನ್ನು ನಂಬೋದು?

ನೀವು ಕೇಳಿರುವ ಎರಡೂ ಲೆಕ್ಕ ಅಮೆರಿಕದ್ದು. 2013ರಲ್ಲಿ ಆಕ್ಸ್‌ಫರ್ಡ್‌ನ ಫ್ರೇ ಮತ್ತು ಆಸ್ಬರ್ನ್ 702 ಬಗೆಯ ಉದ್ಯೋಗ ನೋಡಿ 47% ಕೆಲಸಕ್ಕೆ ಯಂತ್ರದಿಂದ ಅಪಾಯ ಹೆಚ್ಚು ಅಂದರು. 2016ರಲ್ಲಿ ಆರ್ನ್‌ಟ್ಸ್, ಗ್ರೆಗರಿ, ಜೀರಾನ್ ಎಂಬ ಮೂವರು 9% ಅಂದರು. ಮೊದಲಿನವರು ಉದ್ಯೋಗವನ್ನು ಇಡಿಯಾಗಿ ಎಣಿಸಿದರು. ಆಮೇಲಿನವರು ಅದರೊಳಗಿನ ಒಂದೊಂದು ಕೆಲಸವನ್ನೂ ಬಿಡಿಸಿ ನೋಡಿದರು. ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ. ಕಾರಣ ನಮ್ಮ ಮನೆಯಲ್ಲೇ ಇದೆ.

ನಮ್ಮೂರು ಶಿಡ್ಲಘಟ್ಟ, ರೇಷ್ಮೆ ನೂಲು ತೆಗೆಯುವ ಮನೆ. ತಾತನ ಕಾಲದಲ್ಲಿ ಚರಕ ಇತ್ತು. ಒಬ್ಬರು ಬಿಸಿನೀರಿನ ಮುಂದೆ ಕೂತು ಗೂಡಿನ ಎಳೆ ಹಿಡಿದು ಕೊಡಬೇಕು, ಇನ್ನೊಬ್ಬರು ಚಕ್ರ ತಿರುಗಿಸಬೇಕು. ಅಪ್ಪ ಬೇಸಿನ್ ಹಾಕಿಸಿದರು, ಅಂದರೆ ಮೋಟರ್‌ನಿಂದ ಚಕ್ರ ತಿರುಗುವ ನೂಲು ತೆಗೆಯುವ ಯಂತ್ರ. ತಿರುಗಿಸುವವನ ಕೆಲಸ ಅವತ್ತೇ ಹೋಯಿತು. ಎಳೆ ಹಿಡಿಯುವ ಹೆಂಗಸರದ್ದು ಉಳಿಯಿತು. ಬೆಂದ ಗೂಡಿನ ತುದಿ ಬೆರಳಿಗೆ ಸಿಗುತ್ತದೆ, ಮೋಟರ್‌ಗೆ ಸಿಗುವುದಿಲ್ಲವಲ್ಲ. (ಆ ನೀರಲ್ಲಿ ದಿನವಿಡೀ ಕೈ ಅದ್ದಿ ಬೆರಳು ಬೆಂದುಹೋಗುತ್ತಿತ್ತು. ಉಳಿದದ್ದು ಒಳ್ಳೆ ಕೆಲಸ ಅಂತ ನಾನು ಹೇಳುತ್ತಿಲ್ಲ.) ಈಗಿನ ಆಟೋಮ್ಯಾಟಿಕ್ ಯಂತ್ರ ಎಳೆ ಸೇರಿಸುವುದನ್ನೂ ತಾನೇ ಮಾಡುತ್ತದೆ. ಗೂಡು ಆರಿಸೋಕೆ, ಹರಿದ ಎಳೆ ನೋಡಿಕೊಳ್ಳೋಕೆ ಜನ ಬೇಕು, ಆದರೆ ಕಡಿಮೆ.

ಎಂಎ ಓದುವಾಗ ಅಮೆರಿಕದ ಅರ್ಥಶಾಸ್ತ್ರಜ್ಞ ಡೇವಿಡ್ ಆಟರ್ ಮತ್ತಿಬ್ಬರು 2003ರಲ್ಲಿ ಬರೆದ ಪ್ರಬಂಧ ಸಿಕ್ಕಿತು. ನಿಯಮ ಬರೆದು ಕೊಡಬಹುದಾದ ಕೆಲಸವನ್ನು ಕಂಪ್ಯೂಟರ್ ತಗೊಳ್ಳುತ್ತದೆ, ಮಿಕ್ಕಿದ್ದು ಮನುಷ್ಯರಿಗೆ ಅನ್ನುತ್ತದೆ ಅದು. ಅಪ್ಪನಿಗೆ ಹೇಳಿದೆ. "ಇದನ್ನ ತಿಳ್ಕೊಳ್ಳೋಕೆ ಅಮೆರಿಕಾನೇ ಬೇಕಾಗಿತ್ತಾ?" ಎಂದು ನಕ್ಕರು.

ಆದರೆ ಕೆಲಸ ಹೋದವರು ಎಲ್ಲಿಗೆ ಹೋಗುತ್ತಾರೆ? ಇದಕ್ಕೆ 47ರಲ್ಲೂ ಉತ್ತರವಿಲ್ಲ, 9ರಲ್ಲೂ ಇಲ್ಲ. ಯಂತ್ರ ಏನು ಮಾಡಬಲ್ಲದು ಅನ್ನುವುದಷ್ಟೇ ಅಲ್ಲಿರುವುದು. ಡೆಲ್ ರಿಯೊ ಚನೋನಾ, ಡಾಯ್ನ್ ಫಾರ್ಮರ್ ಮುಂತಾದ ಸಂಶೋಧಕರು 2021ರಲ್ಲಿ ಉದ್ಯೋಗಗಳನ್ನು ಬಲೆಯಂತೆ ಹೆಣೆದು ನೋಡಿದರು. ಒಂದು ಉದ್ಯೋಗದಿಂದ ಯಾವುದಕ್ಕೆ ದಾಟಬಹುದು ಎಂಬುದೇ ಅಲ್ಲಿ ದಾರ. ಅಕ್ಕಪಕ್ಕದ ಉದ್ಯೋಗಗಳೂ ಒಟ್ಟಿಗೆ ಕುಗ್ಗಿದರೆ ದಾಟೋಕೆ ಜಾಗವೇ ಇರುವುದಿಲ್ಲ, ಅಲ್ವಾ?

ನಮ್ಮ ಬೇಸಿನ್‌ನಲ್ಲಿದ್ದ ಇಬ್ಬರು ಈಗ ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್ ಬಸ್ ಹತ್ತುತ್ತಾರೆ. ಮೂರನೆಯವರಿಗೆ ಐವತ್ತು ದಾಟಿದೆ, ಅಲ್ಲಿ ತಗೊಳ್ಳಲಿಲ್ಲ. ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಕೂಲಿಗೆ ಹೋಗುತ್ತಾರೆ, ಅದೂ ಕರೆದ ದಿನ ಮಾತ್ರ.