ಎಣ್ಣಿ ಹೊಡದ ಅಂಗಿ, ಹೊಟ್ಟ್ಯಾಗಿನ ಕೂಸು

ತಿಕೋಟಾದ ಅಕ್ಕಾರ, ಮನಿಯವರು ದ್ರಾಕ್ಷಿಗೆ ಎಣ್ಣಿ (ಕೀಟನಾಶಕ) ಹೊಡೀತಾರ, ಹೊಟ್ಟ್ಯಾಗಿನ ಕೂಸಿನ ಜೀನ್ ಬದಲಾಗತೈತೇನು ಅಂತ ಕೇಳೀರಿ. ಜೀನ್ ಅಂದ್ರ ಅವ್ವ-ಅಪ್ಪನಿಂದ ಕೂಸಿಗೆ ಬರೋ ಗುಣದ ಸೂಚನಿ. ಇಲ್ಲಿ ಮಾತು ಜೀನ್ ಬದಲಾಗೋದಲ್ರಿ. ಅದರ ಮ್ಯಾಲೆ ಮೀಥೈಲ್ ಅನ್ನೋ ಸಣ್ಣ ರಾಸಾಯನಿಕ ಗುರುತು ಕೂಡತಾವ, ಅದರಿಂದ ಜೀನಿನ ಕೆಲಸ ಹೆಚ್ಚುಕಮ್ಮಿ ಆಗತೈತಿ. 1944-45ರಾಗ ನೆದರ್ಲ್ಯಾಂಡ್ಸ್ ದೇಶದಾಗ ಬಿದ್ದ ಡಚ್ ಬರಗಾಲದಾಗ ಗರ್ಭ ನಿಂತು ಹುಟ್ಟಿದವರನ್ನ ಸುಮಾರು 60 ವರ್ಷದ ಮ್ಯಾಲೆ ಪರೀಕ್ಷೆ ಮಾಡಿದಾಗ, ಐಜಿಎಫ್2 ಅನ್ನೋ ಜೀನಿನ ಮ್ಯಾಲೆ ಈ ಗುರುತು ಕಡಿಮಿ ಇದ್ದುವು.

ಅದು ಹಸಿವಿನ ಕತಿ, ಎಣ್ಣೀದಲ್ಲ. ಕೀಟನಾಶಕದ ಬಗ್ಗೆ ಯಾರರೆ ಅಷ್ಟು ಗಟ್ಟಿಯಾಗಿ ಹೇಳಿದ್ರ ನಂಬಬ್ಯಾಡ್ರಿ. ಹಂಗಂತ ಎಣ್ಣಿ ಒಳ್ಳೇದೇನಲ್ಲ, ವಿಷ ವಿಷಾನ. ಎಲ್ಲಾ ಗುರುತೂ ಕಾಯಂ ಅಲ್ಲ. ಸಿಗರೇಟಿನಿಂದ ಆದವು ಬಿಟ್ಟ ಮ್ಯಾಲೆ ಬಹಳಷ್ಟು ಸರಿಹೋಗತಾವ.

ಆ ಅಂಗಿ ನೀವು ಮುಟ್ಟಬ್ಯಾಡ್ರಿ, ಅವರೇ ಬ್ಯಾರೆ ಒಕ್ಕೊಳ್ಳಲಿ, ಜಳಕ ಮಾಡೇ ಒಳಗ ಬರಲಿ. ಡಾಕ್ಟರ್ ಕೊಟ್ಟ ಫೋಲಿಕ್ ಗುಳಿಗಿ ತಪ್ಪಸಬ್ಯಾಡ್ರಿ.