ಕಾಳಿ ಅಳಿವೆಯ ಹಳೆಯ ಕೆಸರಲ್ಲಿ ಬಹುತೇಕ ರೈಜೋಫೋರಾ ಪರಾಗ: ಆಗ ಅದೊಂದೇ ಕಾಂಡ್ಲಾ (ಮ್ಯಾಂಗ್ರೋವ್) ಇತ್ತೇ?

ಹಾಗೆ ತೀರ್ಮಾನಿಸಬೇಡಿ. ರೈಜೋಫೋರಾ ಗಾಳಿಗೆ ರಾಶಿ ಪರಾಗ ಬಿಡುತ್ತದೆ. ಪರಾಗಸ್ಪರ್ಶಕ್ಕೆ ಕೀಟಗಳನ್ನು ನಂಬಿದ ಇನ್ನೊಂದು ಕಾಂಡ್ಲಾ ಅವಿಸೆನಿಯಾ ಪಕ್ಕದಲ್ಲೇ ಬೆಳೆದಿದ್ದರೂ ಅದರ ಪರಾಗ ಕೆಸರಲ್ಲಿ ಕಡಿಮೆ ಸಿಗುತ್ತದೆ. ಕಾರಣ ಬಹುಶಃ ಇದೇ.

ಮೊದಲು ಕೆಲವು ಪರಾಗ ಕಣಗಳನ್ನು, ಸೂಕ್ಷ್ಮದರ್ಶಕದ ಮಸೂರಕ್ಕೂ ಗಾಜಿಗೂ ನಡುವೆ ಎಣ್ಣೆ ಹಾಕುವ ಆಯಿಲ್ ಇಮ್ಮರ್ಶನ್‌ನಲ್ಲಿ 1000 ಪಟ್ಟು ಹಿಗ್ಗಿಸಿ ನೋಡಿ. ಅದೇ ಕುಟುಂಬದ ಕಾಂಡ್ಲಾಗಳಾದ ಬ್ರುಗೇರಾ, ಕಂಡೇಲಿಯಾ ಕಣಗಳೂ ರೈಜೋಫೋರಾದಂತೆಯೇ ಸಣ್ಣ, ದುಂಡು. ಅನುಮಾನವಿದ್ದರೆ ಕುಟುಂಬದ ಹೆಸರು ‘ರೈಜೋಫೋರೇಸಿ’ ಎಂದಷ್ಟೇ ಬರೆಯಿರಿ. ಆಮೇಲೆ ಈಗಿನ ಕಾಂಡ್ಲಾ ಮರಗಳ ಬುಡದಿಂದ ಮೇಲಿನ 1 ಸೆಂ.ಮೀ. ಕೆಸರನ್ನಷ್ಟೇ ತೆಗೆದು, ಹಳೆಯ ಮಾದರಿಗೆ ಬಳಸಿದ ವಿಧಾನದಲ್ಲೇ ಸಂಸ್ಕರಿಸಿ, ಸುತ್ತಲಿನ ಮರಗಳ ಪಟ್ಟಿಯ ಜೊತೆ ಹೋಲಿಸಿ. ಈ ಹೋಲಿಕೆಯಿಲ್ಲದೆ ಶೇಕಡಾವಾರಿಗೆ ಅರ್ಥವೇ ಇಲ್ಲ.

ಹಳೆಯ ಮಾದರಿಯಲ್ಲಿ ರೈಜೋಫೋರಾ ಬಿಟ್ಟು ಕನಿಷ್ಠ 200 ಕಣ ಎಣಿಸಿ. ಒಟ್ಟು 300ಕ್ಕೆ ನಿಲ್ಲಿಸಿದರೆ ಅಪರೂಪದವು ತಪ್ಪಿಹೋಗುತ್ತವೆ. ಘಟ್ಟದ ಮರಗಳ ಪರಾಗ ಸಿಕ್ಕರೆ ಹೊಳೆ ತಂದದ್ದಿರಬಹುದು, ದಂಡೆಯ ಕಾಡಿಗೆ ಸೇರಿಸಬೇಡಿ.