ಕೋಡ್ ಕಟ್ಟೆ: ದರ ಬದಲಾದರೆ ಏಳು ಫೈಲ್ ಯಾಕೆ ತಿದ್ದಬೇಕು?

ಪ್ರಶ್ನೆ: ಅಕ್ಕಾವ್ರ, ನಾನು ಮುಧೋಳದಾಕಿ. ಬಾಗಲಕೋಟೆ ನವನಗರದ ಒಂದು ಸಣ್ಣ ಸಾಫ್ಟ್‌ವೇರ್ ಆಫೀಸಿನಲ್ಲಿ ಜಾವಾ ಕೆಲಸ ಮಾಡ್ತೀನಿ. ಕಬ್ಬಿನ ತೂಕ, ರೈತರ ಬಿಲ್ ನೋಡಿಕೊಳ್ಳೋ ಹಳೇ ಪ್ರೋಗ್ರಾಂ ಈಗ ನನ್ನ ಪಾಲಿಗೆ ಬಂದದ. ಬಿಲ್ ಕ್ಲಾಸ್ ಒಂದೇ 1,800 ಸಾಲು. ದರ ಬದಲಾದ್ರ ಏಳು ಫೈಲ್ ತಿದ್ದಬೇಕು. ಹೋದ ಹಂಗಾಮಿನಾಗ ಒಂದು ಫೈಲ್ ಬಿಟ್ಟುಹೋಗಿ ರೈತರ ಚೀಟಿಯೊಳಗ ಒಂದು ಮೊತ್ತ, ಬ್ಯಾಂಕಿನ ಪಟ್ಟಿಯೊಳಗ ಇನ್ನೊಂದು ಬಂತು. ಎಲ್ಲಾ ಹೊಸದಾಗಿ ಬರೀತೀನಿ ಅಂದ್ರ ಸಾಹೇಬರು ಒಪ್ಪವಲ್ರು. ಎಲ್ಲಿಂದ ಶುರು ಮಾಡ್ಲಿ?

ಉತ್ತರ: ತಂಗಿ, ಸಾಹೇಬರು ಒಪ್ಪದೇ ಇದ್ದದ್ದು ಒಳ್ಳೇದೇ ಆಯಿತು. ಆ 1,800 ಸಾಲಿನೊಳಗೆ ಬೇರೆಲ್ಲೂ ಬರೆದಿಡದ ನಿಯಮಗಳು ಕೂತಿರುತ್ತವೆ. ಕಟಾವು, ಸಾಗಾಣಿಕೆ ಖರ್ಚು ಹೇಗೆ ಮುರಿಯಬೇಕು, ಸೊಸೈಟಿ ಸಾಲ ಮೊದಲೋ ಬೀಜದ ಬಾಕಿ ಮೊದಲೋ, ಪೈಸೆಯನ್ನು ಯಾವ ಹಂತದಲ್ಲಿ ರೂಪಾಯಿಗೆ ಸೇರಿಸಬೇಕು, ಹೀಗೆ. ಹೊಸದಾಗಿ ಬರೆಯುವಾಗ ಇವುಗಳಲ್ಲಿ ಒಂದು ತಪ್ಪಿದರೂ ರೈತರು ಬಿಲ್ ಹಿಡಿದುಕೊಂಡು ಕೌಂಟರಿಗೆ ಬಂದ ಮೇಲೇ ಗೊತ್ತಾಗೋದು.

ನೀನು ಹೇಳಿದ ತೊಂದರೆಗೆ ‘ಶಾಟ್‌ಗನ್ ಸರ್ಜರಿ’ ಅನ್ನುತ್ತಾರೆ. ಬದಲಾವಣೆ ಒಂದೇ, ಕೈ ಹಾಕಬೇಕಾದ ಜಾಗ ಹತ್ತಾರು. 1999ರಲ್ಲಿ ಸಾಫ್ಟ್‌ವೇರ್ ತಜ್ಞರಾದ ಕೆಂಟ್ ಬೆಕ್ ಮತ್ತು ಮಾರ್ಟಿನ್ ಫೌಲರ್ ಸೇರಿ ಪಟ್ಟಿ ಮಾಡಿದ 22 ಕೋಡ್ ಸ್ಮೆಲ್‌ಗಳಲ್ಲಿ (ಕೋಡ್‌ನಲ್ಲಿ ಏನೋ ಸರಿಯಿಲ್ಲ ಎಂದು ಸೂಚಿಸುವ ಲಕ್ಷಣಗಳಲ್ಲಿ) ಇದೂ ಒಂದು. ಇಷ್ಟು ಸಾಲು ದಾಟಿದರೆ ತಪ್ಪು ಎಂಬ ಅಳತೆಯನ್ನು ಅವರು ಕೊಡಲಿಲ್ಲ, ಕೋಡ್ ಓದುವವರ ಅನುಭವಕ್ಕೆ ಬಿಟ್ಟರು. ಹಾಗಾಗಿ 1,800 ನೋಡಿ ಹೆದರಬೇಡ. ಕೋಡ್‌ನ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಗಿಟ್‌ನ ಇತಿಹಾಸ ತೆಗೆದು, ಪ್ರತಿ ಸಲ ಒಟ್ಟಿಗೇ ಬದಲಾಗುವ ಫೈಲ್‌ಗಳು ಯಾವುವು ಅಂತ ನೋಡು. ನಿನ್ನ ಕೆಲಸ ಇರೋದು ಅಲ್ಲಿ. ವರ್ಷಗಟ್ಟಲೆ ಯಾರೂ ಮುಟ್ಟದ ಕೋಡ್ ಎಷ್ಟೇ ಕೆಟ್ಟದಾಗಿರಲಿ, ಸದ್ಯ ಅದನ್ನು ಅದರ ಪಾಡಿಗೆ ಬಿಡು.

ಕೋಡ್ ಮುಟ್ಟುವ ಮೊದಲು ಟೆಸ್ಟ್. ಹೋದ ಹಂಗಾಮಿನ ಬಿಲ್‌ಗಳನ್ನು ಆರಿಸಿಕೊಂಡು, ಪ್ರೋಗ್ರಾಂ ಇವತ್ತು ಏನು ಉತ್ತರ ಕೊಡುತ್ತದೋ ಅದನ್ನೇ ಜಾವಾದ ಟೆಸ್ಟ್ ಸಾಧನವಾದ ಜೆಯುನಿಟ್‌ನಲ್ಲಿ ಬರೆದಿಡು. ಸರಿಯೋ ತಪ್ಪೋ ಈಗ ಕೇಳಬೇಡ. ಸಲೀಸಾದ ಬಿಲ್‌ಗಳಷ್ಟೇ ಸಾಲದು, ಬಾಕಿ ಮುರಿದು ಕೈಗೆ ಏನೂ ಉಳಿಯದ ಬಿಲ್ಲೂ ಅದರಲ್ಲಿರಲಿ. ದರದ ಅಂಚುಗಳೂ ಬೇಕು. 2025-26ರ ಎಫ್‌ಆರ್‌ಪಿ (ಕಬ್ಬಿಗೆ ಕೇಂದ್ರ ಸರ್ಕಾರ ನಿಗದಿ ಮಾಡುವ ಕನಿಷ್ಠ ದರ) 10.25 ಶೇಕಡಾ ರಿಕವರಿಗೆ (ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣಕ್ಕೆ) ಕ್ವಿಂಟಲ್‌ಗೆ 355 ರೂಪಾಯಿ. ಅಲ್ಲಿಂದ ಪ್ರತಿ 0.1 ಶೇಕಡಾಕ್ಕೆ 3.46 ರೂಪಾಯಿ ಏರುತ್ತದೆ ಅಥವಾ ಇಳಿಯುತ್ತದೆ. ಆದರೆ 9.5ಕ್ಕಿಂತ ಕೆಳಗೆ ಹೋದರೆ ಮತ್ತೆ ಕಡಿತ ಇಲ್ಲ, 329.05ಕ್ಕೇ ನಿಲ್ಲುತ್ತದೆ. ಅಂದರೆ 10.35, 10.25, 9.5, 9.2 ನಾಲ್ಕಕ್ಕೂ ಒಂದೊಂದು ಟೆಸ್ಟ್. ನಿಮ್ಮ ಕಾರ್ಖಾನೆ ಇದಕ್ಕಿಂತ ಹೆಚ್ಚು ಕೊಡುತ್ತಿದ್ದರೆ ಅದಕ್ಕೆ ಬೇರೆ ಟೆಸ್ಟ್.

ಆಮೇಲೆ ದರವನ್ನು ಒಂದು ಕಡೆ ಕೂಡಿಸು. ಏಳೂ ಫೈಲ್‌ಗಳಲ್ಲಿ ವರ್ಷ, ದರ, ಮೂಲ ರಿಕವರಿ ಈ ಮೂರೂ ಜೊತೆಯಾಗಿಯೇ ಓಡಾಡುತ್ತಿರಬೇಕು. ಅದು ‘ಡೇಟಾ ಕ್ಲಂಪ್’. ಮೂರನ್ನೂ ಸೇರಿಸಿ ‘ಹಂಗಾಮಿನ ದರ’ ಅಂತ ಒಂದು ಕ್ಲಾಸ್ ಮಾಡಿ, ರಿಕವರಿ ಕೊಟ್ಟರೆ ದರ ಹೇಳುವ ಮೆಥಡನ್ನು ಅದರೊಳಗೇ ಇಡು. ಒಂದೇ ದಿನ ಏಳೂ ಫೈಲ್ ಬದಲಿಸಬೇಡ. ಒಂದು ಫೈಲ್, ಟೆಸ್ಟ್, ಕಮಿಟ್ (ಬದಲಾವಣೆಯನ್ನು ಗಿಟ್‌ನಲ್ಲಿ ದಾಖಲಿಸುವುದು). ನಂತರ ಇನ್ನೊಂದು. ಮುಂದೆ ದರ ಬದಲಾದಾಗ ತೆರೆಯಬೇಕಾದ ಫೈಲ್ ಒಂದೇ ಇರುತ್ತದೆ.

ಬಿಲ್ ಕ್ಲಾಸಿನೊಳಗೆ ಇಂಥ ಸಾಲು ಇದೆಯಾ ಹುಡುಕು:

ನಿವ್ವಳ = ಚೀಟಿ.ಒಟ್ಟುತೂಕ() − ಚೀಟಿ.ಖಾಲಿತೂಕ() − ಚೀಟಿ.ರವದಿಕಡಿತ()

ಇಲ್ಲಿ ಬಿಲ್‌ನ ಸ್ವಂತದ್ದು ಏನೂ ಇಲ್ಲ, ಮೂರೂ ಕಾಟಾದ (ತೂಕದ ಯಂತ್ರದ) ಚೀಟಿಯವು. ಇದು ‘ಫೀಚರ್ ಎನ್ವಿ’. ಆ ಭಾಗ ಆರಿಸಿ ಎಕ್ಸ್‌ಟ್ರಾಕ್ಟ್ ಮೆಥಡ್ ಕೊಡು (ಆರಿಸಿದ ಸಾಲುಗಳನ್ನು ಬೇರೆ ಮೆಥಡ್ ಮಾಡುವ ಆಜ್ಞೆ; ಕೋಡ್ ಬರೆಯುವ ಎಕ್ಲಿಪ್ಸ್‌ನಲ್ಲಿ ಆಲ್ಟ್-ಶಿಫ್ಟ್-ಎಂ), ಬಂದ ಮೆಥಡನ್ನು ಚೀಟಿ ಕ್ಲಾಸಿಗೆ ಸರಿಸು. ಬಿಲ್‌ನಲ್ಲಿ ಉಳಿಯೋದು ಚೀಟಿ.ನಿವ್ವಳತೂಕ() ಅಷ್ಟೇ.

ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ಹಣವನ್ನು ಡಬಲ್‌ನಲ್ಲಿ (ದಶಮಾಂಶವನ್ನು ಅಂದಾಜಾಗಿ ಇಡುವ ಬಗೆ) ಇಟ್ಟಿದ್ದರೆ ಬಿಗ್‌ಡೆಸಿಮಲ್‌ಗೆ (ನಿಖರವಾಗಿ ಇಡುವ ಬಗೆ) ಬದಲಿಸಬೇಕು ಅಂತ ನಿನಗೆ ಅನ್ನಿಸೇ ಅನ್ನಿಸುತ್ತದೆ, ಅದು ಸರಿಯೂ ಹೌದು. ಆದರೆ ಬದಲಿಸಿದರೆ ಕೆಲವು ಬಿಲ್‌ಗಳಲ್ಲಿ ಪೈಸೆ ಆಚೀಚೆ ಆಗುತ್ತದೆ. ಹೊರಗೆ ಕಾಣುವ ಉತ್ತರ ಬದಲಾದರೆ ಅದು ರಿಫ್ಯಾಕ್ಟರಿಂಗ್ (ಉತ್ತರ ಬದಲಿಸದೆ ಕೋಡ್‌ನ ಒಳರಚನೆ ಸುಧಾರಿಸುವುದು) ಅಲ್ಲ. ಲೆಕ್ಕದ ವಿಭಾಗದವರಿಗೆ ತೋರಿಸಿ, ಒಪ್ಪಿಗೆ ಪಡೆದು, ಬೇರೆ ಕಮಿಟ್‌ನಲ್ಲಿ ಮಾಡು. ದಾರಿಯಲ್ಲಿ ಸಿಗುವ ಬಗ್‌ಗಳಿಗೂ ಇದೇ ನಿಯಮ. ರೈತರ ದುಡ್ಡು ಸದ್ದಿಲ್ಲದೆ ಬದಲಾಗಬಾರದು. ಕಾರ್ಖಾನೆ ನುರಿಸಲು ಶುರು ಮಾಡಿದ ಮೇಲೆ ದೊಡ್ಡ ಬದಲಾವಣೆ ಬೇಡ, ಬೇಸಿಗೆಯಲ್ಲಿ ಮುಗಿಸಿಕೋ.

ಪ್ರಶ್ನೆ: ಮೇಡಂ, ವಿಜಯಪುರದಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷ. ಕಾಮೆಂಟ್ ಬರೆಯೋದೂ ಕೋಡ್ ಸ್ಮೆಲ್ ಅಂತ ಓದಿದೆ. ನಮ್ಮ ಸರ್ ಕಾಮೆಂಟ್ ಇಲ್ಲದಿದ್ದರೆ ಪ್ರಾಜೆಕ್ಟಿಗೆ ಮಾರ್ಕ್ಸ್ ಕೊಡಲ್ಲ. ಯಾವುದು ಸರಿ?

ಉತ್ತರ: ತಮ್ಮಾ, ‘ಇಲ್ಲಿ ನಿವ್ವಳ ತೂಕ ಲೆಕ್ಕ ಹಾಕುತ್ತೇವೆ’ ಎಂಬ ಕಾಮೆಂಟ್ ಇದ್ದರೆ ಆ ತುಣುಕನ್ನು ಅದೇ ಹೆಸರಿನ ಮೆಥಡ್ ಮಾಡು, ಕಾಮೆಂಟ್ ತಾನಾಗಿಯೇ ಬೇಡವಾಗುತ್ತದೆ. ‘9.5ಕ್ಕಿಂತ ಕೆಳಗೆ ಕಡಿತ ಇಲ್ಲ, ಕೇಂದ್ರ ಸರ್ಕಾರದ ನಿಯಮ’ ಎಂಬ ಕಾಮೆಂಟನ್ನು ಮಾತ್ರ ಯಾರು ಹೇಳಿದರೂ ಅಳಿಸಬೇಡ. ಕಾರಣವನ್ನು ಕೋಡ್ ಹೇಳಲಾರದು. ಇಂಥ ಕಾಮೆಂಟ್‌ಗಳನ್ನು ನಿಮ್ಮ ಸರ್‌ಗೂ ತೋರಿಸು.

ಪ್ರಶ್ನೆ: ಸ್ವಿಚ್ (ಬಗೆ ನೋಡಿ ದಾರಿ ಆರಿಸುವ ಕೋಡ್) ಕಂಡಲ್ಲೆಲ್ಲ ಪಾಲಿಮಾರ್ಫಿಸಂ (ಪ್ರತಿ ಬಗೆಗೂ ತನ್ನದೇ ಉಪಕ್ಲಾಸ್) ಹಾಕಬೇಕೇ? ನಮ್ಮ ಕೋಡ್‌ನಲ್ಲಿ ಟ್ರ್ಯಾಕ್ಟರ್, ಲಾರಿ, ಚಕ್ಕಡಿ ಎಂದು ಸ್ವಿಚ್ ಇದೆ. — ಬೆಳಗಾವಿಯಿಂದ

ಉತ್ತರ: ಬೇಡ. ಆ ಸ್ವಿಚ್ ಬಾಡಿಗೆ ಲೆಕ್ಕದಲ್ಲಿ ಒಂದೇ ಕಡೆ ಇದ್ದರೆ ಹಾಗೇ ಬಿಡಿ, ಓದಲು ಸುಲಭ. ಅದೇ ಸ್ವಿಚ್ ಬಾಡಿಗೆಯಲ್ಲೂ, ಸರದಿಯಲ್ಲೂ, ಖಾಲಿ ತೂಕದ ಪರೀಕ್ಷೆಯಲ್ಲೂ ಮತ್ತೆ ಮತ್ತೆ ಬಂದರೆ ‘ವಾಹನ’ ಎಂಬ ಕ್ಲಾಸ್ ಮಾಡಿ, ಮೂರು ಉಪಕ್ಲಾಸ್‌ಗಳಿಗೆ ಹಂಚಿ. ಹೊಸ ವಾಹನ ಸೇರಿಸುವಾಗ ಯಾವುದೋ ಒಂದು ಸ್ವಿಚ್ ಮರೆತುಹೋಗುವ ಅಪಾಯ ಇದರಿಂದ ತಪ್ಪುತ್ತದೆ. ಮುಂದೆ ಯಾವತ್ತಾದರೂ ರೈಲಿನಲ್ಲೂ ಕಬ್ಬು ಬರಬಹುದು ಎಂದು ನಾಲ್ಕನೆಯ ಉಪಕ್ಲಾಸನ್ನು ಈಗಲೇ ಬರೆದಿಡಬೇಡಿ. ಬೇಡಿಕೆ ಬರುವ ಮೊದಲೇ ಕಟ್ಟಿಟ್ಟ ಕೋಡ್ ಕೂಡ ಆ 22ರ ಪಟ್ಟಿಯಲ್ಲಿದೆ, ‘ಸ್ಪೆಕ್ಯುಲೇಟಿವ್ ಜನರಾಲಿಟಿ’ ಎಂಬ ಹೆಸರಿನಲ್ಲಿ.